ಕಾಯಕಕ್ಕೆ ನಿವೃತ್ತಿಯುಂಟೆ?



ನಿವೃತ್ತಿಯೆಂಬ ಶಬ್ದವು ಶಾಸ್ತ್ರದಲ್ಲಿಯೂ ಉಂಟು, ಸರಕಾರದ ಕಚೇರಿಯಲ್ಲಿಯೂ ಉಂಟು. ಶಾಸ್ತ್ರಕಾರರು ಪ್ರವೃತ್ತಿ, ನಿವೃತ್ತಿ ಎಂದು ಎರಡು ಮಾರ್ಗಗಳನ್ನು ವಿವರಿಸಿ, ಲೋಕವ್ಯಾಪಾರದಿಂದ ಮನಸ್ಸನ್ನು ಹಿಂದೆಗೆದುಕೊಳ್ಳುವದಕ್ಕೆ ನಿವೃತ್ತಿಯೆಂದರು. ಕಚೇರಿಯವರು ಮನಸ್ಸಿನ ಗೊಡವೆಗೆ ಹೋಗುವದಿಲ್ಲ. ಅವರು ಜನ್ಮತಾರೀಖನ್ನು ನೋಡಿ, ಇಂಥ ತಿಂಗಳ ಕೊನೆಯ ದಿನ ಸಂಜೆ ಇವರು ನಿವೃತ್ತರು ಎಂದು ಆಜ್ಞಾಪತ್ರ ಬರೆದು ಕಳಿಸುವರು. ನಮ್ಮ ರಾಜ್ಯದಲ್ಲಿ ಮೊದಲು 58 ವರ್ಷಕ್ಕೆ ಇದ್ದ ಈ ನಿವೃತ್ತಿಯು 2008ರಲ್ಲಿ 60ಕ್ಕೆ ಏರಿತು. ಅದರ ಫಲವಾಗಿ ನಾನು ಇನ್ನೆರಡು ವರ್ಷ ಮಕ್ಕಳ ನಡುವೆ ಇದ್ದು 2010ರಲ್ಲಿ ಹೊರಬಂದೆನು. 1974ರಲ್ಲಿ ಒಳಹೊಕ್ಕವನು, ಲೆಕ್ಕ ಹಿಡಿದರೆ 36 ವರ್ಷಗಳಾದವು.

ಹೊರಬಂದ ಮರುದಿನದಿಂದಲೇ ಹಿತೈಷಿಗಳ ಉಪದೇಶ ಆರಂಭವಾಯಿತು. ಕೆಲವರು, ದುಡಿದದ್ದು ಸಾಕು, ಇನ್ನು ಸುಖವಾಗಿ ಕೂಡಿರಿ ಎಂದರು. ಕೆಲವರು, ಇಷ್ಟು ದಿನ ಸಂಸಾರಕ್ಕೆ ದುಡಿದಿರಿ, ಇನ್ನು ಪೂಜೆ ಜಪಗಳಲ್ಲಿ ಕಾಲ ಕಳೆಯಿರಿ ಎಂದರು. ಇವೆರಡು ಮಾತುಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಬೇರು ಒಂದೇ. ದುಡಿಮೆ ಬೇರೆ, ಭಕ್ತಿ ಬೇರೆ. ಒಂದು ಮುಗಿದ ಮೇಲೆ ಇನ್ನೊಂದು, ಎಂಬ ಭಾವನೆಯೇ ಆ ಬೇರು. ಹನ್ನೆರಡನೆಯ ಶತಮಾನದ ಶರಣರು ಅಗೆದು ತೆಗೆದದ್ದು ಈ ಬೇರನ್ನೇ. ಆದುದರಿಂದ ಮಠದ ಪಡಸಾಲೆಯಲ್ಲಿ ಕುಳಿತ ನಮ್ಮಂಥ ವೃದ್ಧರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ನೌಕರಿಗೆ ನಿವೃತ್ತಿಯುಂಟು, ಸರಿ. ಕಾಯಕಕ್ಕೆ ಉಂಟೆ?

ಕಾಯಕವೆಂದರೆ ಉದ್ಯೋಗವೆಂದು ಈಗ ಸಾಮಾನ್ಯವಾಗಿ ಹೇಳಿಬಿಡುತ್ತಾರೆ. ಬ್ಯಾಂಕಿನ ಗೋಡೆಯ ಮೇಲೆಯೂ ಬಸ್ ನಿಲ್ದಾಣದ ಕಮಾನಿನ ಮೇಲೆಯೂ ಆ ಶಬ್ದ ಬರೆದಿರುತ್ತದೆ. ಬರೆಯಲಿ, ತಪ್ಪೇನಿಲ್ಲ. ಆದರೆ ಶರಣರ ಕಾಯಕಕ್ಕೆ ಮೂರು ಕಟ್ಟಳೆಗಳಿದ್ದವು. ಅದು ಸ್ವಂತ ಕಾಯವನ್ನು ದಂಡಿಸಿ, ಸತ್ಯಶುದ್ಧವಾಗಿ ಮಾಡಿದ್ದಾಗಿರಬೇಕು. ಅದರ ಫಲವು ಮನೆಯಲ್ಲಿ ಕೂಡಿಬೀಳದೆ ದಾಸೋಹವಾಗಿ ಹರಿಯಬೇಕು. ಹಗ್ಗ ಹೊಸೆಯುವವನ ಕಾಯಕಕ್ಕೂ ಭಂಡಾರದ ಲೆಕ್ಕ ಬರೆಯುವವನ ಕಾಯಕಕ್ಕೂ ಮೇಲು ಕೀಳೆಂಬುದು ಇರಬಾರದು. ಕಾಯಕದಲ್ಲಿ ವಿನಾಯಿತಿ ಯಾರಿಗೂ ಇರಲಿಲ್ಲ. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಲಿಂಗಕ್ಕೂ ಕಾಯಕವನ್ನು ವಿಧಿಸಿದ ನುಲಿಯ ಚಂದಯ್ಯನ ಕಥೆಯನ್ನು ನೀವೆಲ್ಲರೂ ಪುರಾಣದಲ್ಲಿ ಕೇಳಿರುವಿರಿ. ಲಿಂಗಕ್ಕೇ ಬಿಡುವಿಲ್ಲದ ಕಡೆ ಮಾಸ್ತರನಿಗೆ ಎಲ್ಲಿಯದು?

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಇಲ್ಲಿ ನೆನೆಯುವದು ಅವಶ್ಯ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು ಬಸವಣ್ಣನವರ ಮಹಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ನಮಗೆ ಎಂದಿನಷ್ಟೇ ಸಾಕು, ಹೆಚ್ಚಿನ ಆಸೆ ನಮಗೇಕೆ, ಒಯ್ದು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಗಮನಿಸಿರಿ, ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ, ಬಗ್ಗಿ ಆಯ್ದದ್ದೇ. ಹಕ್ಕಿನ ಪ್ರಶ್ನೆಯನ್ನು ಲಕ್ಕಮ್ಮ ಎತ್ತಲೇ ಇಲ್ಲ. ಬೇಕಾದುದೆಷ್ಟು ಎಂಬ ಪ್ರಶ್ನೆಯನ್ನು ಮಾತ್ರ ಎತ್ತಿದಳು. ಗಂಡನನ್ನು ತಿದ್ದುವ ಸಲುಗೆ ಆಕೆಗಿತ್ತು, ತಿದ್ದಿಸಿಕೊಳ್ಳುವ ವಿನಯ ಆತನಿಗಿತ್ತು. ಪತಿಪತ್ನಿಯರೆಂಬುದಕ್ಕಿಂತ ಇಬ್ಬರು ನಿಜವಾದ ಗೆಳೆಯರೆಂದು ನಾನು ಅವರನ್ನು ಎಣಿಸುತ್ತೇನೆ.

ಈ ಅಕ್ಕಿಯ ಕಥೆಯನ್ನು ನಾನು ಪುರಾಣದಲ್ಲಿ ಕೇಳಿದ್ದೆ, ಪಾಠದಲ್ಲಿ ಹೇಳಿದ್ದೆ. ಆದರೆ ಅದು ನಮ್ಮ ಶಾಲೆಯ ಬಾಗಿಲಿಗೇ ಬಂದು ನಿಂತ ಕಾಲವೊಂದುಂಟು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ವಾಚಕರು ಬೇಸರಿಸಬಾರದು.

1995ರ ಆಗಸ್ಟ್ 15ರಂದು ಕೇಂದ್ರ ಸರಕಾರವು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆಹಾರದ ಯೋಜನೆಯೊಂದನ್ನು ಆರಂಭಿಸಿತು. ನಮ್ಮಲ್ಲಿ ಆಗ ಬಿಸಿಯೂಟವಿರಲಿಲ್ಲ. ತಿಂಗಳಿಗೆ ಪ್ರತಿ ಮಗುವಿಗೆ 3 ಕಿಲೋ ಅಕ್ಕಿಯನ್ನು ಅಳೆದು ಕೊಡುವ ಏರ್ಪಾಡಿತ್ತು. ಒಂದು ನಿಬಂಧನೆ: ಮಗುವಿನ ಹಾಜರಿ ಶೇಕಡಾ 80ಕ್ಕೆ ಕಡಿಮೆಯಾಗಿರಬಾರದು. ಉದ್ದೇಶ ಒಳ್ಳೆಯದೇ, ಅಕ್ಕಿಯ ಆಸೆಗಾದರೂ ಮಕ್ಕಳು ಶಾಲೆಗೆ ಬರಲೆಂದು. ಆಗ ನಾನು ಇದ್ದದ್ದು ಅಂದಿನ ಧಾರವಾಡ ಜಿಲ್ಲೆಯ, 1997ರ ನಂತರ ಹಾವೇರಿ ಜಿಲ್ಲೆಗೆ ಸೇರಿದ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಊರಿಗೆ ಹೊಂದಿ ಒಂದು ತಾಂಡೆ. ಸುಗ್ಗಿ ಮುಗಿದ ಮೇಲೆ ಅಲ್ಲಿಯ ಜನ ಕಬ್ಬು ಕಡಿಯಲಿಕ್ಕೆ, ರಸ್ತೆಯ ಕೆಲಸಕ್ಕೆ ಗುಳೆ ಹೋಗುವರು, ಮಕ್ಕಳೂ ಹಿಂದೆಯೇ. ತಿರುಗಿ ಬಂದ ತಿಂಗಳಲ್ಲಿ ಆ ಮಕ್ಕಳ ಹಾಜರಿ 80ನ್ನು ಎಲ್ಲಿ ಮುಟ್ಟೀತು? ಹೀಗಾಗಿ ಊರೊಳಗೆ ಹೊಲಮನೆಯಿದ್ದವರ ಮಕ್ಕಳು ಚೀಲ ಹಿಡಿದು ಸಾಲಿನಲ್ಲಿ ನಿಲ್ಲುವಾಗ, ಹಸಿದ ಹೊಟ್ಟೆಯ ಮಕ್ಕಳು ಬಾಗಿಲ ಬಳಿ ನಿಂತು ನೋಡುವ ಪ್ರಸಂಗ ಬಂದಿತು.

ಮಾಸ್ತರರ ಕೋಣೆಯಲ್ಲಿ ವಾದ ನಡೆಯಿತು. ಹಾಜರಿ ಪುಸ್ತಕ ನಮ್ಮ ಕೈಯಲ್ಲಿಯೇ ಇದೆ, ನಾಲ್ಕು ದಿನ ಹೆಚ್ಚು ತುಂಬಿದರೆ ಯಾರ ಗಂಟು ಹೋಗುವದು, ಇದು ದಯೆಯಲ್ಲವೆ ಎಂದು ಒಬ್ಬರು. ಇಂದು ದಯೆಗೆಂದು ತುಂಬಿದ ಲೇಖಣಿ ನಾಳೆ ಲಾಭಕ್ಕೆಂದು ತುಂಬುವದು ಎಂದು ಇನ್ನೊಬ್ಬರು. ಎರಡೂ ಮಾತಿನಲ್ಲಿ ಹುರುಳಿತ್ತು. ದಯೆಯೇ ಧರ್ಮದ ಮೂಲವೆಂದು ಹೇಳಿದವರೂ ಶರಣರೇ, ಹುಸಿಯನ್ನು ಎಳ್ಳಷ್ಟೂ ಒಪ್ಪದವರೂ ಶರಣರೇ. ದಯೆ ಮತ್ತು ಸತ್ಯ ಎದುರುಬದುರಾಗಿ ನಿಂತರೆ ಭಕ್ತನು ಯಾವ ಕಡೆ ಸರಿಯಬೇಕು? ಇದು ಪರೀಕ್ಷೆಯ ಕಾಗದದಲ್ಲಿ ಬರುವ ಪ್ರಶ್ನೆಯಲ್ಲ. ಸಾಲಿನ ಕೊನೆಗೆ ಒಂದು ಹುಡುಗಿ ಖಾಲಿ ಚೀಲ ಹಿಡಿದು ನಿಂತಿದ್ದಾಳೆ. ಉತ್ತರ ಆಗಲೇ ಬೇಕು.

ಉತ್ತರ ಕೊಟ್ಟವರು ನಮ್ಮ ಮುಖ್ಯೋಪಾಧ್ಯಾಯರು. ಸವಣೂರ ಕಡೆಯವರು, ಮುಸಲ್ಮಾನರು. ಮಿತಭಾಷಿ. ಎಲ್ಲರ ಮಾತು ಮುಗಿಯುವವರೆಗೆ ಸುಮ್ಮನೆ ಕೇಳಿ, ಹಾಜರಿ ಪುಸ್ತಕವನ್ನು ಮುಚ್ಚಿ ತಮ್ಮ ಮುಂದಿಟ್ಟುಕೊಂಡು, “ಪುಸ್ತಕ ಸುಳ್ಳ ಹೇಳಬಾರದು. ಕೂಸು ಉಪಾಸ ಇರಬಾರದು. ಎರಡೂ ಆಗಬೇಕ್ರಿ” ಎಂದರು. ಅಷ್ಟೇ. ಮರುದಿನ ಅವರ ಮನೆಯಿಂದ ಒಂದು ಚೀಲ ಅಕ್ಕಿ ಬಂದಿತು. ಅದು ಶಾಲೆಯ ಅಕ್ಕಿಯ ಜೊತೆ ಕೂಡದಂತೆ ಬೇರೆ ಮೂಲೆಯಲ್ಲಿಡಿಸಿ, ನಿಬಂಧನೆಗೆ ಸಿಕ್ಕದ ಮಕ್ಕಳಿಗೆ ಅದರಿಂದ ಮೂರು ಮೂರು ಕಿಲೋ ತೂಗಿಸಿದರು. ಸರಕಾರದ ಅಕ್ಕಿ ಯಾವುದು, ಇವರ ಅಕ್ಕಿ ಯಾವುದು ಎಂಬುದು ಮಕ್ಕಳಿಗೆ ತಿಳಿಯಗೊಡಲಿಲ್ಲ. ಪಗಾರದ ದಿನ ಬಂದಾಗ ನಾವು ಮೂವರು ಅವರೊಡನೆ ಸೇರಿಕೊಂಡೆವು. ನಾನು, ನಮ್ಮ ಶಾಲೆಯ ಅಕ್ಕೋರು, ಮತ್ತು ಕುಂಬಾರ ಮನೆತನದಿಂದ ಬಂದ ಪಿ.ಟಿ. ಮಾಸ್ತರರು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟವು ಮರುವರ್ಷ ನಮ್ಮ ಭಾಗಕ್ಕೂ ಬರುವವರೆಗೆ ಈ ಪದ್ಧತಿ ನಡೆಯಿತು. ಆ ಯೋಜನೆಗೆ ಸರಕಾರ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಶಬ್ದವೊಂದು ಮಧ್ಯಾಹ್ನದ ಊಟದ ಗಂಟೆಯಾಗಿ ಬಾರಿಸುವದನ್ನು ಕೇಳಿ ನಮ್ಮ ಮುಖ್ಯೋಪಾಧ್ಯಾಯರು ನಕ್ಕು, “ನಿಮ್ಮವರ ಮಾತಿಗೆ ಎಂಟುನೂರು ವರ್ಷದ ಮ್ಯಾಲೆ ಸರಕಾರದ ಮಂಜೂರಿ ಸಿಕ್ತ ನೋಡ್ರಿ” ಎಂದಿದ್ದರು.

ಲಕ್ಕಮ್ಮನ ಅಳತೆಗೋಲಿನಿಂದ ಇದನ್ನು ಅಳೆದು ನೋಡಿರಿ. ತನ್ನದಲ್ಲದ ಅಕ್ಕಿಯನ್ನು ಮುಟ್ಟದಿರುವದು ಸತ್ಯಶುದ್ಧತೆ. ತನ್ನ ಅಕ್ಕಿಯನ್ನು ತನ್ನದೆಂದು ಹಿಡಿದಿಡದಿರುವದು ದಾಸೋಹ. ಇವೆರಡೂ ಒಂದೇ ಕೈಯಲ್ಲಿ ಕೂಡಿದಾಗ ದಯೆಗೂ ಸತ್ಯಕ್ಕೂ ಜಗಳವಿಲ್ಲ. ಜಗಳ ಬರುವದು, ದಯೆಯನ್ನು ಬೇರೆಯವರ ಗಂಟಿನಿಂದ ಮಾಡಹೊರಟಾಗ.

ಆ ಮುಖ್ಯೋಪಾಧ್ಯಾಯರು ಮಧ್ಯಾಹ್ನದ ನಮಾಜನ್ನು ಉಗ್ರಾಣದ ಕೋಣೆಯಲ್ಲಿ ಮುಗಿಸಿ ಬರುವರು. ನನ್ನ ಎದೆಯ ಮೇಲೆ ಲಿಂಗವಿತ್ತು. ಮಕ್ಕಳು ಎರಡನ್ನೂ ನೋಡಿದರು. ಅವರನ್ನು ನಮ್ಮ ಕಡೆ ಎಳೆಯುವ ಮಾತನ್ನು ನಾನಾಗಲಿ, ನನ್ನನ್ನು ತಮ್ಮ ಕಡೆ ಎಳೆಯುವ ಮಾತನ್ನು ಅವರಾಗಲಿ ಆಡಿದ್ದಿಲ್ಲ. ನಮ್ಮ ಸೀಮೆಗೆ ಇದೇನೂ ಹೊಸದಲ್ಲ. ಶಿಶುನಾಳದ ಶರೀಫರು (1819–1889) ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ನೆಲವಿದು. ಶರೀಫರೂ ಕೆಲಕಾಲ ಶಾಲೆಯ ಮಾಸ್ತರರಾಗಿದ್ದವರೇ ಎಂಬುದನ್ನು ನನ್ನ ಮಿತ್ರರು ಬಹಳ ಅಭಿಮಾನದಿಂದ ಹೇಳುತ್ತಿದ್ದರು.

ಈಗ ಶಿಕ್ಷಕನ ಕಾಯಕದ ಒಳಗನ್ನು ಸ್ವಲ್ಪ ವಿಚಾರಿಸೋಣ. ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇರಿಸಿಕೊಂಡು ದೃಷ್ಟಿಯನ್ನು ಅದರಲ್ಲಿ ನಿಲಿಸುವದು ನಮ್ಮ ನಿತ್ಯಪೂಜೆಯ ತಿರುಳು. ಹೂವು ಪತ್ರಿಗಳು ಇರಲಿ ಇಲ್ಲದಿರಲಿ, ದೃಷ್ಟಿ ಚಂಚಲವಾದರೆ ಪೂಜೆಯಾಗಲಿಲ್ಲ. ಪ್ರಾತಃಕಾಲ ಹೀಗೆ ಕುಳಿತು ಎದ್ದವನು ಹತ್ತು ಗಂಟೆಗೆ ಶಾಲೆಗೆ ಹೋಗುತ್ತಾನೆ. ಅಲ್ಲಿ ಒಂದನೆಯ ಇಯತ್ತೆಯ ಕೂಸು ಎಡಗೈಯಲ್ಲಿ ಪಾಟಿಯನ್ನು ಹಿಡಿದುಕೊಂಡು, ಬಲಗೈಯಲ್ಲಿ ಬಳಪ ಹಿಡಿದು, “ಸರ, ನೋಡ್ರಿ” ಎನ್ನುತ್ತದೆ. ಅದು ‘ಅ’ ಬರೆದಿದೆಯೋ, ‘ಆ’ ಬರೆದಿದೆಯೋ, ಬರೆಯಲಾರದೆ ಬರೀ ಗೀಚಿದೆಯೋ ಎಂಬುದನ್ನು ಮನಸ್ಸಿಟ್ಟು ನೋಡಬೇಕು. ಆಗ ಬೆಳಗಿನ ದೃಷ್ಟಿ ಎಲ್ಲಿ ಹೋಯಿತು? ಕರಸ್ಥಲದಲ್ಲಿ ನಿಂತ ದೃಷ್ಟಿ ಪಾಟಿಯ ಮೇಲೆ ನಿಲ್ಲದಿದ್ದರೆ ಬೆಳಗಿನದು ಪೂಜೆಯೋ ಅಭ್ಯಾಸಬಲವೋ ಎಂದು ಸಂಶಯಪಡಬೇಕಾಗುತ್ತದೆ. ನನ್ನ ಮೊದಲ ಶಾಲೆ ಏಕೋಪಾಧ್ಯಾಯ ಶಾಲೆ. ಹನುಮಪ್ಪನ ಗುಡಿಯ ಪೌಳಿಯಲ್ಲಿ ನಾಲ್ಕು ಇಯತ್ತೆಗಳು ಒಟ್ಟಿಗೆ ಕೂಡುತ್ತಿದ್ದವು. ಒಂದು ಕಡೆ ಮಗ್ಗಿ, ಇನ್ನೊಂದು ಕಡೆ ಶುದ್ಧಬರಹ, ಮತ್ತೊಂದು ಕಡೆ ಅಳು. ಅಂಥಲ್ಲಿ ಒಂದು ಪಾಟಿಯ ಮೇಲೆ ಒಂದು ಕ್ಷಣ ಪೂರ್ಣ ದೃಷ್ಟಿ ನಿಲ್ಲಿಸುವದು ಎಷ್ಟು ಕಠಿನವೆಂಬುದನ್ನು ಕಲಿಸಿದವರೇ ಬಲ್ಲರು. ಯೋಗಶಾಸ್ತ್ರದಲ್ಲಿ ಇದಕ್ಕೆ ಏನು ಹೆಸರಿದೆಯೋ, ಪಂಡಿತರು ಹೇಳಲಿ.

ನಿವೃತ್ತನಾದ ಶಿಕ್ಷಕನಿಗೆ ಒಂದು ದೊಡ್ಡ ಅಪಾಯವುಂಟು. ಅದು ನೆನಪಿನ ಅಪಾಯ. ನನ್ನ ಕೈಯಲ್ಲಿ ಕಲಿತವರು ಇಷ್ಟು ಜನ ಡಾಕ್ಟರರಾದರು, ಇಷ್ಟು ಜನ ಇಂಜಿನಿಯರರಾದರು, ಒಬ್ಬನು ಅಮೇರಿಕೆಯಲ್ಲಿದ್ದಾನೆ ಎಂದು ಎಣಿಸುತ್ತಾ ಕೂಡುವದು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು. ಲೋಕೋಪಕಾರದ ಆ ಕಾರ್ಯ ನಡೆಯುತ್ತಿರುವಾಗಲೇ ಅಲ್ಲಮಪ್ರಭುಗಳು ಅಲ್ಲಿಗೆ ಬಂದರೆಂದು ಶೂನ್ಯಸಂಪಾದನೆಯಲ್ಲಿ ವರ್ಣಿತವಾಗಿದೆ. ಪ್ರಭುಗಳು ಕೆರೆ ಬೇಡವೆಂದು ಹೇಳಲು ಬಂದವರಲ್ಲ. ಕೆರೆಯನ್ನು ನಾನು ಕಟ್ಟಿದೆನೆಂಬ ‘ನಾನು’ ಒಳಗೆ ಎಷ್ಟು ಆಳವಾಗಿ ಅಗೆದಿದೆಯೆಂಬುದನ್ನು ತೋರಿಸಲು ಬಂದವರು. ಕೆರೆ ಕಟ್ಟಿದವನಿಗೇ ಈ ವಿಚಾರಣೆಯಾದರೆ, ಕಾಗುಣಿತ ಕಲಿಸಿದವನಿಗೆ ಆಗದೆ?

ಈ ವಿಷಯದಲ್ಲಿ ನನಗೆ ಒಬ್ಬ ಹಳೆಯ ವಿದ್ಯಾರ್ಥಿಯಿಂದ ಉಪಕಾರವಾಯಿತು. ಅವನು ಗೌಂಡಿ. ನಮ್ಮ ಮನೆಯ ಹಿಂದೆ ಒಂದು ಕೋಣೆ ಹಾಕುವಾಗ ಬಂದಿದ್ದನು. ಮೂಲೆ ಸರಿಹಿಡಿಯಲು ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ದಾರ ಎಳೆದು, ಓರೆಯಾಗಿ ಐದು ಅಡಿ ಬಂತೆಂದು ನೋಡಿ ಗೂಟ ಬಡಿದನು. ನಾನು ಬಹಳ ಸಂತೋಷದಿಂದ, ಇದು ಶಾಲೆಯಲ್ಲಿ ನಾನು ಹೇಳಿದ ಲೆಕ್ಕವಲ್ಲವೇನೋ ಎಂದು ಕೇಳಿದೆನು. ಅವನು ಕೆಲಸ ನಿಲ್ಲಿಸದೆ, “ಇಲ್ರಿ ಸರ, ಇದನ್ನ ನಮ್ಮ ಮೇಸ್ತ್ರಿ ಕಲಿಸ್ಯಾನ. ಯಾಕ ಹಂಗ ಬರತದ ಅನ್ನೂದನ್ನ ನೀವು ಹೇಳಿದ್ರಿ” ಎಂದನು. ನನ್ನ ಪಾಲು ಎಷ್ಟು, ಮೇಸ್ತ್ರಿಯ ಪಾಲು ಎಷ್ಟು ಎಂಬುದನ್ನು ಒಂದು ಅಂಗುಲವೂ ಹೆಚ್ಚುಕಡಿಮೆ ಇಲ್ಲದಂತೆ ಆ ಹುಡುಗ ಅಳೆದು ಕೊಟ್ಟನು. ಶಿಷ್ಯರ ಪಟ್ಟಿ ಹೇಳುವಾಗ ಇಂಜಿನಿಯರನನ್ನು ಮೊದಲು ಹೇಳಿ ಗೌಂಡಿಯನ್ನು ಕೈಬಿಡುವ ನಮ್ಮ ರೂಢಿಯೂ ಅಂದು ನನ್ನ ಕಣ್ಣಿಗೆ ಕುಂದಾಗಿ ಕಂಡಿತು. ಹರಳಯ್ಯ, ಚೌಡಯ್ಯ, ಮಾಚಯ್ಯ, ಕಕ್ಕಯ್ಯ ಇವರ ಹೆಸರುಗಳನ್ನು ದಿನವೂ ಬೆಳಗ್ಗೆ ಭಕ್ತಿಯಿಂದ ಉಚ್ಚರಿಸುವ ನಾವು ಸಾಯಂಕಾಲ ಶಿಷ್ಯರ ಪಟ್ಟಿಯನ್ನು ಬೇರೆ ಕ್ರಮದಲ್ಲಿ ಬರೆಯುತ್ತೇವಲ್ಲ!

ಉದ್ಯೋಗ ಬೇರೆ, ಕಾಯಕ ಬೇರೆ ಎಂಬುದಕ್ಕೆ ದೂರದ ಉದಾಹರಣೆಯೇ ಬೇಕಾಗಿಲ್ಲ. ಫ. ಗು. ಹಳಕಟ್ಟಿಯವರು (1880–1964) ವೃತ್ತಿಯಿಂದ ವಕೀಲರು. ಓಲೆಗರಿಗಳಲ್ಲಿ ಮುಚ್ಚಿಹೋಗಿದ್ದ ವಚನಗಳನ್ನು ಮನೆಮನೆ, ಮಠಮಠ ಅಲೆದು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿಕೊಂಡರು. ಅವರು ವಕೀಲಿಯಿಂದ ಯಾವಾಗ ನಿವೃತ್ತರಾದರೆಂದು ಯಾರೂ ಕೇಳುವದಿಲ್ಲ. ಇಂದು ನಿಮ್ಮ ಮನೆಯ ಜಗುಲಿಯ ಮೇಲೆ ಒಂದು ವಚನದ ಪುಸ್ತಕವಿದ್ದರೆ ಅದರಲ್ಲಿ ಅವರ ಮನೆಯ ಒಂದು ಇಟ್ಟಿಗೆ ಇದೆಯೆಂದು ತಿಳಿಯಿರಿ.

ಸ್ನೇಹದ ವಿಷಯ ಬಂದಿತು. ನಮ್ಮ ಅಷ್ಟಾವರಣಗಳಲ್ಲಿ ಸ್ನೇಹಿತನೆಂಬ ಆವರಣವಿಲ್ಲವಲ್ಲ ಎಂದು ಒಬ್ಬ ತರುಣರು ಕೇಳಿದ್ದರು. ಹೆಸರಿನಿಂದ ಇಲ್ಲ, ನಿಜ. ಆದರೆ ಅನುಭವಮಂಟಪವೆಂದರೇನು? ಅಂಬಿಗನು, ಮಡಿವಾಳನು, ಹಡಪದವನು, ಮಂತ್ರಿಯು, ಸೂಳೆಗಾರಿಕೆಯನ್ನು ಬಿಟ್ಟು ಬಂದ ಪುಣ್ಯಸ್ತ್ರೀಯು, ಇವರೆಲ್ಲ ಸಮನಾಗಿ ಕುಳಿತು ಒಬ್ಬರನ್ನೊಬ್ಬರು ಪ್ರಶ್ನಿಸಿದ ಸ್ಥಳ. ಹೊಗಳಿಕೊಳ್ಳಲು ಕೂಡಿದವರಲ್ಲ ಅವರು, ತಿದ್ದಿಕೊಳ್ಳಲು ಕೂಡಿದವರು. ನೌಕರಿಯಲ್ಲಿದ್ದಾಗ ಸಂಗಾತಿಗಳು ಬಹಳ. ಬದಲಿ ಮಾಡಿಸುವವರು, ಬಡತಿ ಬಯಸುವವರು, ಪಗಾರದ ದಿನ ಚಹಾ ಕುಡಿಸುವವರು. ಆಜ್ಞಾಪತ್ರ ಬಂದ ಮೇಲೆ ಇವರಲ್ಲಿ ಅರ್ಧ ಜನ ಹಾದಿಯಲ್ಲಿ ಕಂಡರೆ ಸೈಕಲ್ಲಿನಿಂದಿಳಿಯುವದಿಲ್ಲ. ಅದಕ್ಕೆ ನೊಂದುಕೊಳ್ಳುವದೇತಕ್ಕೆ? ಕುರ್ಚಿಗೆ ನಮಸ್ಕರಿಸಿದವರು ಕುರ್ಚಿಯೊಡನೆಯೇ ಇದ್ದಾರೆ. ಆದರೆ ಆ ಅಕ್ಕಿಚೀಲದ ಸುತ್ತ ಕೂಡಿದ ನಾವು ನಾಲ್ವರು ಅಗಲಲಿಲ್ಲ. 2004ರಲ್ಲಿ ಮುಖ್ಯೋಪಾಧ್ಯಾಯರು ಮೊದಲು ನಿವೃತ್ತರಾದರು. ಎಲ್ಲರ ಕೊನೆಗೆ ಪಿ.ಟಿ. ಮಾಸ್ತರರು. ಪ್ರತಿ ಸೋಮವಾರ ಸಂಜೆ ಮಠದ ಪಡಸಾಲೆಯಲ್ಲಿ ಕೂಡುವ ಪರಿಪಾಠ ಬೆಳೆಯಿತು.

ಅಲ್ಲಿಯೇ ಒಂದು ಸೋಮವಾರ ಪಿ.ಟಿ. ಮಾಸ್ತರರು ಒಂದು ಪ್ರಶ್ನೆಯನ್ನು ಹಾಕಿದರು. “ಈಗ ದುಡಿಯೂದಿಲ್ಲ, ಉಣ್ಣೂದಂತೂ ಬಿಟ್ಟಿಲ್ಲ. ಒಂದನೇ ತಾರೀಖಿಗೆ ಪಿಂಚಣಿ ಬಂದು ಬೀಳತದ. ಇದು ಕಾಯಕದ ಅನ್ನ ಹೌದೋ ಅಲ್ಲೋ?” ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಅಕ್ಕೋರು, ಇದು ನಿನ್ನೆಯ ಕೂಲಿಯಲ್ಲಿ ಹಿಡಿದಿಟ್ಟದ್ದು, ಬಿಟ್ಟಿಯಲ್ಲ ಎಂದರು. ಅವರ ಮಾತಿಗೆ ನ್ಯಾಯಾಲಯದ ಬೆಂಬಲವೂ ಇದೆ. 1982ರ ಡಿಸೆಂಬರ್ 17ರಂದು ನಕಾರಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಿಂಚಣಿಯು ಸರಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು ಎಂದು ತೀರ್ಪಿತ್ತಿದೆ. ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುವದೂ ಉಂಟು. (2006ರ ಏಪ್ರಿಲ್ ತಿಂಗಳಿನಿಂದೀಚೆಗೆ ನಮ್ಮ ರಾಜ್ಯದಲ್ಲಿ ಸೇವೆಗೆ ಸೇರಿದ ಶಿಕ್ಷಕರನ್ನು ಹೊಸ ಪಿಂಚಣಿ ಪದ್ಧತಿಗೆ ಸೇರಿಸಿ, ಹಳೆಯ ನಿಶ್ಚಿತ ಪಿಂಚಣಿಯನ್ನು ತಪ್ಪಿಸಿದ್ದು ಆ ತರುಣರಿಗೆ ದೊಡ್ಡ ಚಿಂತೆಯಾಯಿತು. ಹಿರಿಯರಾದ ನಾವು ನಮ್ಮ ಹಕ್ಕಿನ ಮಾತಾಡುವಾಗ ಅವರನ್ನು ಮರೆಯಬಾರದು.)

ಹಕ್ಕಿನ ಮಾತು ಹೀಗೆ ತೀರಿತು. ಮುಖ್ಯೋಪಾಧ್ಯಾಯರು ಮಾತ್ರ, “ಹಕ್ಕು ಹೌದು. ಆದರ ಪಿ.ಟಿ. ಮಾಸ್ತರು ಹಕ್ಕು ಕೇಳಲಿಲ್ಲಲ್ಲ” ಎಂದರು. ಲಕ್ಕಮ್ಮನನ್ನು ನಮಗೆ ನೆನಪಿಸಿದವರು ಹೀಗೆ ಅವರೇ. ನ್ಯಾಯಾಲಯವು ಅಕ್ಕಿ ಯಾರದೆಂದು ಹೇಳಬಲ್ಲುದು. ಎಷ್ಟು ಸಾಕೆಂದು ಮನೆಯೊಳಗಿನ ಲಕ್ಕಮ್ಮನೇ ಹೇಳಬೇಕು. ನನ್ನ ವಿಚಾರವನ್ನು ಸ್ಪಷ್ಟವಾಗಿ ಹೇಳುವದಾದರೆ: ಪಿಂಚಣಿಯು ಹಿಂದಿನ ಕಾಯಕದ ಫಲವೇ ಸರಿ, ಅದನ್ನು ಉಣ್ಣುವದರಲ್ಲಿ ದೋಷವಿಲ್ಲ. ಆದರೆ ಫಲ ಬರುತ್ತಿರುವವರೆಗೆ ಕಾಯಕದ ಋಣವೂ ತೀರಿಲ್ಲ. ಹಣವು ಪ್ರತಿ ತಿಂಗಳು ಬರುವದಾದರೆ, ಕಾಯವು ಪ್ರತಿ ದಿನ ಏನನ್ನಾದರೂ ಸಲ್ಲಿಸಬೇಕು. ಮೊಮ್ಮಕ್ಕಳಿಗೆ ಕೂಡಿಡುವದು ಸಂಸಾರಧರ್ಮವೆಂದು ಹೇಳುವವರುಂಟು. ಇಡಿರಿ, ಆದರೆ ದಾಸೋಹದ ಪಾಲನ್ನು ಮೊದಲು ತೆಗೆದು ನಂತರ ಇಡಿರಿ. ಉಳಿದರೆ ಕೊಡೋಣವೆಂದು ಇಟ್ಟದ್ದು ಉಳಿದದ್ದನ್ನು ನಾನು ಯಾವ ಮನೆಯಲ್ಲಿಯೂ ಕಂಡಿಲ್ಲ.

2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ನಮ್ಮ ಮುಖ್ಯೋಪಾಧ್ಯಾಯರು ತೀರಿಕೊಂಡರು. 75 ವರ್ಷ. ಊರಿಗೆ ಊರೇ ಬಾಗಿಲು ಹಾಕಿಕೊಂಡ ದಿನಗಳು. ಹೆಗಲು ಕೊಡಲಾಗಲಿಲ್ಲ, ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲ. ಉಳಿದ ಮೂವರು ಒಂದೆಡೆ ಕುಳಿತು ಅಳುವದಕ್ಕೂ ಅಪ್ಪಣೆಯಿರಲಿಲ್ಲ. ಸೋಮವಾರ ಸಂಜೆ ಬರುವದು, ಹೋಗುವದು. ಮರಣವನ್ನು ಕುರಿತು ನಾವು ಓದಿದ್ದು ಬಹಳ, ಪ್ರವಚನದಲ್ಲಿ ಕೇಳಿದ್ದು ಬಹಳ. ಶರಣರು ಸಾವನ್ನು ಹಬ್ಬವೆಂದು ಸ್ವಾಗತಿಸಿದವರೆಂದು ನಾವೇ ಮಕ್ಕಳಿಗೆ ಹೇಳಿದವರು. ಆ ದಿನಗಳಲ್ಲಿ ಅದಾವುದೂ ಬಾಯಿಗೆ ಬರಲಿಲ್ಲ. ಭಕ್ತನಾದವನಿಗೆ ದುಃಖ ಬರಬಾರದೆಂಬ ನಿಯಮವಿದೆಯೆ?

ನನಗೆ ಆಗ ಆಸರೆಯಾದದ್ದು ಮುಕ್ತಾಯಕ್ಕನ ಪ್ರಸಂಗ. ಅವಳ ಅಣ್ಣ ಅಜಗಣ್ಣನು ತನ್ನ ಭಕ್ತಿಯನ್ನು ಲೋಕಕ್ಕೆ ತೋರಗೊಡದೆ ಗುಪ್ತವಾಗಿ ನಡೆಸಿದವನು. ಅವನು ತೀರಿಕೊಂಡಾಗ ಮುಕ್ತಾಯಕ್ಕನು ಅವನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಶೋಕಿಸುತ್ತಿದ್ದಳು. ಅವನು ಅವಳಿಗೆ ಅಣ್ಣನಷ್ಟೇ ಅಲ್ಲ, ಗುರುವೂ ಹೌದು, ಜೊತೆಗಾರನೂ ಹೌದು. ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಅಳಬೇಡ, ಎಲ್ಲ ಶಿವನಿಚ್ಛೆ ಎಂಬ ಸುಲಭದ ಸಮಾಧಾನವನ್ನು ಅವರು ಹೇಳಲಿಲ್ಲ; ಪ್ರಶ್ನೆ ಕೇಳಿದರು. ಅವಳೂ ಸುಮ್ಮನೆ ತಲೆದೂಗಲಿಲ್ಲ. ಅಳುವ ನಡುವೆಯೇ ಮರುಪ್ರಶ್ನೆ ಹಾಕಿದಳು. ಮಾತಿನಿಂದ ತಿಳಿಯುವದೇನು, ಮೌನದಿಂದ ತಿಳಿಯುವದೇನು ಎಂಬ ಆ ಸಂವಾದ ಶೂನ್ಯಸಂಪಾದನೆಯ ಅತ್ಯಂತ ಗಂಭೀರ ಭಾಗಗಳಲ್ಲೊಂದು. ನನಗೆ ಅದರಲ್ಲಿ ಹಿಡಿಸಿದ್ದು ಇದು: ದುಃಖಿಸುವವಳನ್ನು ಪ್ರಭುಗಳು ಅಜ್ಞಾನಿಯೆಂದು ಬದಿಗೆ ಸರಿಸದೆ, ಅವಳೊಡನೆ ಕೊನೆಯವರೆಗೆ ಮಾತಾಡಿದರು. ತೋರಿಕೆಯಿಲ್ಲದೆ ಬದುಕಿದವನ ಅಗಲಿಕೆ ಹೆಚ್ಚು ಸುಡುತ್ತದೆಯೆಂಬುದೂ ಆ ಪ್ರಸಂಗದಿಂದ ನನಗೆ ಅರ್ಥವಾಯಿತು. ಅಂಥವನು ಏನೆಂಬುದು ಬಲ್ಲವರು ಬಹಳ ಸ್ವಲ್ಪ ಜನ. ಅವರೇ ಪೂರ್ತಿ ಭಾರ ಹೊರಬೇಕು. ನಮ್ಮ ಮಿತ್ರರು ತೀರಿಕೊಂಡ ಮೇಲೆ ತಾಂಡೆಯ ಮುದುಕಿಯೊಬ್ಬಳು, ತನ್ನ ಮಗಳ ಲಗ್ನದಲ್ಲಿ ಅವರು ಸದ್ದಿಲ್ಲದೆ ಮಾಡಿದ ನೆರವನ್ನು ಪಿ.ಟಿ. ಮಾಸ್ತರರ ಮುಂದೆ ಹೇಳಿದಳಂತೆ. ನಮಗೆ ಮೂವರಿಗೂ ಅದು ತಿಳಿದಿರಲಿಲ್ಲ.

ಒಬ್ಬ ಭಕ್ತರು ನನ್ನನ್ನು ಕೇಳಿದರು, ಅವರು ಲಿಂಗೈಕ್ಯರಾದರೆಂದು ಹೇಳಬಹುದೆ ಎಂದು. ಪ್ರೀತಿಯಿಂದಲೇ ಕೇಳಿದ ಮಾತು. ನಾನು, ಹೇಳಬೇಕಾಗಿಲ್ಲ ಎಂದೆನು. ಲಿಂಗೈಕ್ಯವೆಂಬುದು ನಮ್ಮ ದೀಕ್ಷೆ, ನಮ್ಮ ಸಾಧನೆಯ ಕೊನೆಗೆ ಬರುವ ಶಬ್ದ. ಅವರು ಐದು ಹೊತ್ತು ಯಾವ ಹೆಸರಿನಿಂದ ಕರೆದರೋ ಆ ಹೆಸರಿನ ಬಳಿಗೆ ಹೋದರು. ನಮ್ಮ ಶಬ್ದವನ್ನು ಅವರ ಮೇಲೆ ಹೊದಿಸಿದರೆ ಅವರ ನಿಷ್ಠೆಗೆ ಗೌರವ ತೋರಿದಂತಾಗದು. ಆದರೆ ಶರಣನಾರು ಎಂಬುದನ್ನು ಹುಟ್ಟಿನಿಂದಲ್ಲ, ನಡೆಯಿಂದ ತಿಳಿಯಬೇಕೆಂದು ನಮ್ಮವರು ಸಾರಿದ್ದಾರಲ್ಲ. ಆ ನಿಯಮದ ಪ್ರಕಾರ ನಾನು ಅವರಿಗೆ ಮನಸ್ಸಿನಲ್ಲಿ ಶರಣೆನ್ನುತ್ತೇನೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಈಗ ನಾವು ಮೂವರು. ಅಕ್ಕೋರಿಗೆ ಮೊಣಕಾಲಿನ ನೋವು. ಪಡಸಾಲೆಯ ಮೆಟ್ಟಿಲು ಹತ್ತಲು ಯಾರಾದರೂ ಕೈಹಿಡಿಯಬೇಕು. ಕಾಯ ಸೋತ ಮೇಲೆ ಕಾಯಕ ಹೇಗೆಂದು ಅವರೇ ಒಮ್ಮೆ ಕೇಳಿ, ಅವರೇ ಉತ್ತರವನ್ನೂ ಹುಡುಕಿಕೊಂಡರು. ಪಡಿತರದ ಅಂಗಡಿಯಿಂದ ಮೊಬೈಲಿಗೆ ಬರುವ ಸಂದೇಶವನ್ನು ಓದಿಸಿಕೊಳ್ಳಲು ಮಂದಿಯ ಮನೆಗೆ ಅಲೆಯುವ ಹೆಣ್ಣುಮಕ್ಕಳು ನಮ್ಮ ಊರಲ್ಲಿ ಇನ್ನೂ ಇದ್ದಾರೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವವರಿದ್ದಾರೆ. ಅವರಿಗಾಗಿ ಅಕ್ಕೋರು ಕುಳಿತಲ್ಲಿಯೇ ಅಕ್ಷರ ಹೇಳುತ್ತಾರೆ. ಅರವತ್ತು ದಾಟಿದ ಒಬ್ಬ ತಾಯಿ ಮೊನ್ನೆ ತನ್ನ ಹೆಸರನ್ನು ಬರೆದು, ಪಾಟಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, “ಅಕ್ಕೋರ, ನೋಡ್ರಿ” ಎಂದಳು. ಪಿ.ಟಿ. ಮಾಸ್ತರರು ಬಾಗಿಲಲ್ಲಿ ನಿಂತು ವೇಳೆಗೆ ಸರಿಯಾಗಿ ಗಂಟೆ ಬಾರಿಸುತ್ತಾರೆ; ಅದೊಂದು ಹಳೆಯ ರೂಢಿ, ಬಿಡಲೊಲ್ಲರು. ನಾನು ಹಣದ ಲೆಕ್ಕ ಬರೆಯುತ್ತೇನೆ.

ಸೋಮವಾರ ಮತ್ತು ಗುರುವಾರ ಸಂಜೆ ಐದಕ್ಕೆ ಕೂಡುತ್ತೇವೆ. ನಿಮ್ಮ ಓಣಿಯಲ್ಲಿ ಓದುಬರಹ ಬಾರದ ತಾಯಂದಿರು, ಹಿರಿಯರು ಇದ್ದರೆ ಕಳಿಸಿಕೊಡಿರಿ. ಯಾವ ಜಾತಿ, ಯಾವ ಮತ ಎಂದು ಕೇಳುವದಿಲ್ಲ. ಪಾಟಿ, ಬಳಪ ನಾವೇ ಕೊಡುತ್ತೇವೆ.